ಉಮಕ್ಕನ ನಗುವಿಗೆ ಅಪ್ಪಾಜಿ ಹುಡುಕಿದ ಪದ

ಎಲೆಕೋಸು ಬೇಯುವ ವಾಸನೆಗೆ ಯಾರೂ ಅಳುವುದಿಲ್ಲ. ನಾನೂ ಅಳಲಿಲ್ಲ, ಕೈಯಲ್ಲಿದ್ದ ನೀರಿನ ಲೋಟವನ್ನು ಕಿಟಕಿಯ ಮೇಲಿಟ್ಟು ಸುಮ್ಮನೆ ನಿಂತೆ. ಶಿವಮೊಗ್ಗದ ಗೋಪಾಳದಲ್ಲಿ, ಅಕ್ಕನ ಗಂಡನ ಮನೆಯ ಹಿತ್ತಿಲಲ್ಲಿ ಶಾಮಿಯಾನ ಕಟ್ಟಿ, ಅಡುಗೆಯವರು ದೊಡ್ಡ ಹಂಡೆಯಲ್ಲಿ ಪಲ್ಯಕ್ಕೆಂದು ಎಲೆಕೋಸು ಬೇಯಿಸುತ್ತಿದ್ದರು. ಅದು ತೀರಿಕೊಂಡ ನನ್ನಕ್ಕ ಉಮಾಳ ಶಿವಗಣಾರಾಧನೆಯ ದಿನ. ನಡುಮನೆಯಲ್ಲಿ ಅವಳ ಫೋಟೊ, ವಿಭೂತಿ, ಸೇವಂತಿಗೆ ಹಾರ. ಮುಂದಿನ ಕೋಣೆಯಲ್ಲಿ ಭಾವ ಬಂದವರಿಗೆಲ್ಲ ಕೈಮುಗಿಯುತ್ತಿದ್ದರು. ಹಂಡೆಯ ಮುಚ್ಚಳ ತೆಗೆದಾಗ ಎದ್ದ ಹಬೆ ಕಿಟಕಿಯಿಂದ ಒಳಗೆ ಬಂತು. ಒಂದು ಕ್ಷಣಕ್ಕೆ ನಾನು ಗೋಪಾಳದಲ್ಲಿರಲಿಲ್ಲ. ಭದ್ರಾವತಿಯ ಕಾಗದನಗರದಲ್ಲಿ ನಾವು ಹುಟ್ಟಿ ಬೆಳೆದ ಗಾಳಿಗೆ ಇದೇ ವಾಸನೆಯಿತ್ತು. ಕಾಗದದ ಕಾರ್ಖಾನೆಯಲ್ಲಿ ಬಿದಿರನ್ನೂ ಮರವನ್ನೂ ಬೇಯಿಸಿ ತಿರುಳು ಮಾಡುವಾಗ ಏಳುವ ಹಬೆ, ಕೊಳೆತ ಕೋಸಿನ ಹಾಗೆ, ಸುಟ್ಟ ಗಂಧಕದ ಹಾಗೆ. ಬಂದ ನೆಂಟರು ಸೆರಗನ್ನು ಮೂಗಿಗೆ ಹಿಡಿದು, "ಹೇಗಿರ್ತೀರ ಮಾರಾಯ್ತಿ ಇಲ್ಲಿ?" ಅನ್ನುತ್ತಿದ್ದರು. ನಮಗೆ ಏನು ವಾಸನೆ ಅಂತಲೇ ತಿಳಿಯುತ್ತಿರಲಿಲ್ಲ. ರಜೆಗೆ ಬೇರೆ ಊರಿಗೆ ಹೋದಾಗ ಮಾತ್ರ ಗಾಳಿಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಕಾರ್ಖಾನೆ ನಿಂತು ಎಷ್ಟೋ ವರ್ಷವಾಯಿತು. ಈಗ ಆ ಊರಿನ ಗಾಳಿಗೆ ಯಾವ ವಾಸನೆಯೂ ಇಲ್ಲ.

ಆಗ ಪಕ್ಕಕ್ಕೆ ಬಂದು ನಿಂತವಳು ಅಕ್ಕನ ಮಗಳು ಸಹನಾ. ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ, ಅಮ್ಮನ ಹಾಗೆಯೇ ಹಣೆ ಅಗಲ, ಕಣ್ಣು ನೇರ. ಅವಳು ಕೇಳಿದ ಪ್ರಶ್ನೆಯಿಂದಾಗಿ ಇದನ್ನೆಲ್ಲ ಬರೆಯುತ್ತಿದ್ದೇನೆ.

"ಮಾಮ, ಅಮ್ಮ ಒಂದ್ಸಲಾನೂ ಈ ಮನೆ ಬಿಟ್ಟು ಹೋಗೋಕೆ ನೋಡ್ಲಿಲ್ವಾ? ನನಗೆ ಬುದ್ಧಿ ಬಂದಾಗಿಂದ ಅವಳು ಬಾಯಿ ಮುಚ್ಕೊಂಡು ಬೇಯಿಸಿದ್ದು ಬಿಟ್ರೆ ಬೇರೆ ಏನೂ ನೋಡಿಲ್ಲ. ಅದೇ ನನಗೆ ಅವಳ ಮೇಲೆ ಸಿಟ್ಟು."

"ಒಂದ್ಸಲ ಕೇಳಿದ್ದಳು, ತವರಲ್ಲೇ ಇರ್ತೀನಿ ಅಂತ. ತಮಾಷೆಗೆ," ಅಂದೆ.

"ತಮಾಷೆಗಾ?"

"ನಿಮ್ಮಮ್ಮ ಹಾಗೇ ಅಲ್ವಾ. ಏನು ಕೇಳಿದ್ರೂ ನಗಿಸ್ಕೊಂಡೇ ಕೇಳೋಳು. ನಮ್ಮಪ್ಪಾಜಿ ಅದಕ್ಕೊಂದು ಪದ ಹುಡುಕಿದ್ರು. ವಿನ್ಸಮ್ ಅಂತ."

ಅವಳು ಫೋನ್ ತೆಗೆದು ಪದವನ್ನು ಹುಡುಕಿ, ತೆರೆಯ ಮೇಲೆ ಬಂದದ್ದನ್ನೆಲ್ಲ ಓದಿದಳು. ಮನಮೋಹಕ, ಮುಗ್ಧ ಚೆಲುವಿನ, ನೋಡಿದವರ ಮನಸ್ಸನ್ನು ಗೆಲ್ಲುವ. ಓದುತ್ತ ಓದುತ್ತ ಅವಳ ಧ್ವನಿ ಗಟ್ಟಿಯಾಯಿತು. "ನೀವು ಬೇರೆ ಯಾರ ಬಗ್ಗೆನೋ ಹೇಳ್ತಿದೀರ ಮಾಮ," ಅಂದು ಒಳಗೆ ಹೋದಳು. ತನ್ನಮ್ಮ ಕೊನೆಗೂ ಒಮ್ಮೆ ಬಾಯಿ ಬಿಟ್ಟು ಕೇಳಿದ್ದಳೆಂದರೆ ಅದೂ ತಮಾಷೆಗೆ ಎಂದು ತಿಳಿದ ಮಗಳ ಮುಖವನ್ನು ನಾನು ನೋಡಿದೆ. ನಾನು ಹೇಳಿದ್ದು ನಿಜವೋ ಅಲ್ಲವೋ ಎಂದು ಅಂದಿನಿಂದ ತಲೆ ಕೆಡಿಸಿಕೊಂಡಿದ್ದೇನೆ.

ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಮನಶ್ಶಾಸ್ತ್ರ. ನೆನಪು ಪೆಟ್ಟಿಗೆಯಲ್ಲಿಟ್ಟ ಸೀರೆಯಲ್ಲ, ತೆಗೆದಾಗಲೆಲ್ಲ ಮತ್ತೆ ನೇಯುವ ಬಟ್ಟೆ ಎಂದು ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದ್ದೇನೆ. ಆ ಪಾಠವನ್ನು ಸ್ವಂತ ಮನೆಗೆ ಅನ್ವಯಿಸುವ ಧೈರ್ಯ ಮಾಡಿರಲಿಲ್ಲ. ನೀವೂ ಮಾಡಿರಲಿಕ್ಕಿಲ್ಲ. ಬಿದ್ದುಹೋದ ಮನೆಯಿಂದ ಎತ್ತಿಕೊಂಡು ಬಂದ ಒಂದೆರಡು ಪಾತ್ರೆಗಳನ್ನು ಯಾರು ತಾನೇ ಉಜ್ಜಿ, ಒಳಗಿರುವುದು ತಾಮ್ರವೋ ತಗಡೋ ಎಂದು ನೋಡುತ್ತಾರೆ?

ಹಾಗಾಗಿ ಮೊದಲು ನನಗೆ ನೆನಪಿರುವ ಹಾಗೆ ಹೇಳುತ್ತೇನೆ. ನಮ್ಮ ಕ್ವಾರ್ಟರ್ಸ್‌ನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಪ್ಪಾಜಿ, ಅಮ್ಮ, ಅಜ್ಜಿ, ಉಮಕ್ಕ, ನಾನು. ಅಪ್ಪಾಜಿಗೆ ಕಾರ್ಖಾನೆಯಲ್ಲಿ ತಯಾರಾದ ಹಾಳೆಗಳನ್ನು ಬೆಳಕಿಗೆ ಹಿಡಿದು ದೋಷ ಹುಡುಕುವ ಕೆಲಸ. ಕಲೆ, ತೂತು, ಸುಕ್ಕು ಇದ್ದರೆ ಪಕ್ಕಕ್ಕೆ ಹಾಕಬೇಕು. ಹಾಗೆ ಪಕ್ಕಕ್ಕೆ ಹಾಕಿದ ಹಾಳೆಗಳು ನಮ್ಮ ಮನೆಯಲ್ಲಿ ಮಗ್ಗಿಗೆ, ಚಿತ್ರಕ್ಕೆ, ಕಡಲೆಬೀಜದ ಪೊಟ್ಟಣಕ್ಕೆ ಆಗುತ್ತಿದ್ದವು. ಮೊದಲನೇ ಪಾಳಿ ಮುಗಿಸಿ ಬಂದು ಮುಖ ತೊಳೆದು ಚಹಾ ಕುಡಿಯುವಾಗ ಅವರು ಅಂಥ ಒಂದು ಹಾಳೆಯ ಮೇಲೆ ಇಂಗ್ಲಿಷಿನ ಒಂದು ಪದ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಪಿಯುಸಿಯಲ್ಲಿ ಇಂಗ್ಲಿಷಿಗೇ ಫೇಲಾಗಿ ಓದು ಬಿಟ್ಟವರು ಅವರು. ಆ ಭಾಷೆಯ ಮೇಲೆ ಅವರಿಗಿದ್ದದ್ದು ಪ್ರೀತಿಯೋ ಹಗೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲು ಪದ, ಆಮೇಲೆ ಅದರ ನೆಂಟರು, ಆಮೇಲೆ ಅದರ ಬಳಕೆ. ಸಮಾನಾರ್ಥಕ ಪದಗಳನ್ನು ಅವರು ನೆಂಟರು ಅಂತಲೇ ಕರೆಯುತ್ತಿದ್ದರು. "ನೆಂಟರು ಅಂದ್ರೆ ಒಂದೇ ಅಲ್ಲ ಕಣ್ರೋ. ಮದುವೆಲಿ ಒಟ್ಟಿಗೆ ಕೂತು ಊಟ ಮಾಡ್ತಾರೆ, ಆಮೇಲೆ ಅವರವರ ಮನೆ ಅವರವರಿಗೆ." ಬಳಕೆಗೆ ಒಂದು ಕಟ್ಟಳೆಯಿತ್ತು. ವಾಕ್ಯ ನಮಗೆ ಗೊತ್ತಿರುವ ಯಾರಾದರೊಬ್ಬರ ಮೇಲೆ ಇರಬೇಕು, ಪುಸ್ತಕದಲ್ಲಿರುವ ರಾಜ ರಾಣಿ ನಡೆಯುವುದಿಲ್ಲ.

ವಿನ್ಸಮ್ ಬಂದ ಸಂಜೆ ವಾಕ್ಯವನ್ನು ಯಾರ ಮೇಲೆ ಮಾಡಬೇಕೆಂದು ಯೋಚಿಸಬೇಕಾಗಲೇ ಇಲ್ಲ. ಅಪ್ಪಾಜಿ ನೆಂಟರನ್ನು ಕರೆದರು. ಚಾರ್ಮಿಂಗ್ ಅಂದರೆ ಅದರಲ್ಲಿ ಸ್ವಲ್ಪ ಉಡುಗೆ ತೊಡುಗೆಯೂ ಸೇರಿದೆ, ದೊಡ್ಡವರಿಗೂ ಹೇಳಬಹುದು. ಡಿಸಾರ್ಮಿಂಗ್ ಅಂದರೆ ಎದುರಿಗಿರುವವನು ಸಿಟ್ಟಿನಿಂದ ಬಂದಿದ್ದರೆ ಅವನ ಕೈಯಲ್ಲಿರುವುದನ್ನು ಕೆಳಗೆ ಹಾಕಿಸುವುದು. "ವಿನ್ಸಮ್ ಅಂದ್ರೆ ಕೇಳದೇನೇ ಕೊಡೋ ಹಾಗೆ ಮಾಡೋದು. ಮಕ್ಕಳಿಗೆ ಹೇಳ್ತಾರೆ, ವಯಸ್ಸಿನ ಹುಡುಗಿಗೆ ಹೇಳ್ತಾರೆ. ಗಂಡಸರಿಗೆ ಹೇಳಲ್ಲ, ನನ್ನಂಥ ಬೋಳುತಲೆಯವನಿಗಂತೂ ಹೇಳಲ್ಲ."

ಉಮಕ್ಕ ನಿಘಂಟಿನ ಪುಟದ ಮೇಲೆ ಬೆರಳಿಟ್ಟು, "ಅಪ್ಪಾಜಿ, ಇಲ್ಲಿ ಅಲ್ಯೂರಿಂಗ್, ಮರುಳು ಮಾಡುವ, ಅಂತ ಇನ್ನೊಬ್ಬರು ನೆಂಟರು ಇದಾರೆ, ಅವರನ್ನ ಯಾಕೆ ಕರೀಲಿಲ್ಲ?" ಅಂದಳು.

"ಅದು ನಮ್ಮನೆ ಕಡೆ ನೆಂಟರಲ್ಲ."

ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಮತ್ತೆ ಯಾರ ಮನೆ ಕಡೆಯವರೋ? ಲಿಂಗಾಯತರಾ?" ಅಂದಾಗ ಚಹಾ ಕುಡಿಯುತ್ತಿದ್ದ ಅಪ್ಪಾಜಿಗೆ ನೆತ್ತಿಗೆ ಹತ್ತಿತು.

ಮುಂದೆ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ದಪ್ಪ ನಿಘಂಟೊಂದರಲ್ಲಿ ಆ ಪದದ ಬೇರು ನೋಡಿದೆ. ಅದಕ್ಕೂ ವಿನ್ ಅಂದರೆ ಗೆಲುವಿಗೂ ನೇರ ಸಂಬಂಧವಿಲ್ಲವಂತೆ, ಸಂತೋಷ ಎಂಬರ್ಥದ ಹಳೆಯ ಪದವೊಂದರಿಂದ ಬಂದದ್ದಂತೆ. ಊರಿಗೆ ಹೋದಾಗ ಜಂಬದಿಂದ ಅಪ್ಪಾಜಿಗೆ ಹೇಳಿದೆ. ಅವರು, "ಗೆದ್ರೆ ಸಂತೋಷ ತಾನೇ? ಏನ್ ದೊಡ್ಡ ವ್ಯತ್ಯಾಸ ಬಿಡೋ," ಅಂದರು.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಮನೆಯ ಪರವಾಗಿ ಕೇಳುವುದಕ್ಕೆ ಹೋಗುವವರು. ನಮ್ಮಲ್ಲಿ ಅದು ಉಮಕ್ಕ. ಪಕ್ಕದ ಮನೆಯ ಸೆಲ್ವಿಯಕ್ಕನ ಹತ್ತಿರ ಸಾಲಕ್ಕೆ ಒಂದಿಷ್ಟು ಹುಣಸೆಹಣ್ಣು, ಬಸ್ಸಿನಲ್ಲಿ ಅಜ್ಜಿಗೊಂದು ಸೀಟು, ಮುಗಿದುಹೋಯಿತೆಂದು ಅಂಗಡಿಯವನು ಕೈ ಅಲ್ಲಾಡಿಸಿದ ಸೀಮೆಎಣ್ಣೆ, ಎಲ್ಲದಕ್ಕೂ ಅಮ್ಮನದು ಒಂದೇ ಮಾತು: "ಉಮಾನ ಕಳ್ಸಿ." ಒಂದು ಮಳೆಗಾಲದ ನಂತರ ನಮ್ಮ ಗೋಡೆ ಪೂರ್ತಿ ಪಾಚಿ ಹಿಡಿದಿತ್ತು. ಸುಣ್ಣ ಹೊಡೆಸಿ ಎಂದು ಅಪ್ಪಾಜಿ ಬರೆದುಕೊಟ್ಟ ಅರ್ಜಿ ಎಲ್ಲೋ ಮಲಗಿತ್ತು. ಉಮಕ್ಕ ನನ್ನ ಕೈಹಿಡಿದುಕೊಂಡು ಮೇಂಟೆನೆನ್ಸ್ ಆಫೀಸಿಗೆ ಹೋದಳು. ಅಲ್ಲಿದ್ದ ಸೂಪರ್‌ವೈಸರ್ ಯಾರ ಮುಖವನ್ನೂ ನೋಡದೆ ಮಾತಾಡುವ ಮನುಷ್ಯ.

"ಸಾರ್, ಸುಣ್ಣ ಬೇಡ," ಅಂದಳು ಅಕ್ಕ.

ಅವರು ತಲೆ ಎತ್ತಿದರು. "ಬೇಡ ಅನ್ನೋಕೆ ಬಂದ್ಯಾ?"

"ಹೂಂ ಸಾರ್. ಗೋಡೆ ಮೇಲೆ ಪಾಚಿಲಿ ನಮ್ಮಜ್ಜಿಗೆ ಗಣಪತಿ ಕಾಣಿಸಿದಾನೆ. ದಿನಾ ಕುಂಕುಮ ಹಚ್ತಾರೆ. ನಿನ್ನೆ ಮಳೆ ಬಂದು ಸೊಂಡಿಲು ಕಿಟಕಿ ತನಕ ಬಂದಿದೆ. ಇನ್ನೊಂದು ಮಳೆ ಬಂದ್ರೆ ಸೆಲ್ವಿಯಕ್ಕನ ಮನೆಗೆ ಹೋಗತ್ತೆ. ಆಮೇಲೆ ಅರ್ಧ ಗಣಪತಿ ಅವರದು, ಅರ್ಧ ನಮ್ದು, ಜಗಳ ಆಗತ್ತೆ. ನೀವೇ ಬಂದು ಪಾಲು ಮಾಡ್ಕೊಡಬೇಕು."

ಆ ಮನುಷ್ಯ ನಕ್ಕಿದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ನೋಡಿರಲಿಲ್ಲವಂತೆ. ಮರುದಿನ ಸುಣ್ಣದವರು ಬಂದರು. ಅಜ್ಜಿ ಗಣಪತಿ ಹೋದನೆಂದು ಮುನಿಸಿಕೊಂಡಳು.

ಈ ಪ್ರಸಂಗವನ್ನು ನಾನು ಕಣ್ಣಾರೆ ಕಂಡೆನೇ? ಅಕ್ಕನ ಬೆವೆತ ಅಂಗೈ ನನಗೆ ನೆನಪಿದೆ. ಆದರೆ ಮನೆಗೆ ಬಂದವರಿಗೆಲ್ಲ ಅಮ್ಮ ಈ ಕತೆಯನ್ನು ಹೇಳುತ್ತಿದ್ದಳು. ನೂರು ಸಲ ಕೇಳಿದ ಕತೆಯೊಳಗೆ ನಾನೇ ಹೋಗಿ ಅವಳ ಕೈಹಿಡಿದು ನಿಂತಿರಬಹುದು. ಅಂಗೈ ಬೆವೆತಿದ್ದದ್ದು ಮಾತ್ರ ಅಮ್ಮನ ಕತೆಯಲ್ಲಿ ಇರಲಿಲ್ಲ. ಹಾಗಾಗಿ ಅದೊಂದನ್ನು ನಂಬುತ್ತೇನೆ. ನಗಿಸಲು ಹೊರಟವಳಿಗೆ ಭಯವಾಗಿತ್ತು.

ಗೋಪಾಳದವರು ಹೆಣ್ಣು ನೋಡಲು ಬಂದಾಗಲೂ ಅವಳು ಗೆದ್ದಳು. ಶಿವಮೊಗ್ಗದ ಪೇಟೆಯಲ್ಲಿ ಅವರದು ಕಬ್ಬಿಣದ ಸಾಮಾನಿನ ಅಂಗಡಿ, ದೊಡ್ಡ ಮನೆ. ಹುಡುಗನ ತಾಯಿ, "ಅಡುಗೆ ಏನೇನು ಬರತ್ತೆ?" ಅಂದದ್ದಕ್ಕೆ, "ಉಪ್ಪಿಟ್ಟು ಬರತ್ತೆ, ಒಮ್ಮೊಮ್ಮೆ ಅದೇ ಕೇಸರಿಬಾತ್ ಆಗತ್ತೆ" ಅಂದಳಂತೆ. ಹುಡುಗ ಬಿದ್ದು ಬಿದ್ದು ನಕ್ಕನಂತೆ. ಅಪ್ಪಾಜಿಗೆ ಅದೇ ಸಾಕಾಯಿತು. "ಅವಳು ಎಲ್ಲಿಗೆ ಹೋದ್ರೂ ಬದುಕ್ಕೋತಾಳೆ. ಅವಳ ಹತ್ರ ಅದಿದೆ," ಅಂದರು.

ಅದಿತ್ತು. ಆದರೆ ಆ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿತ್ತು. ನಮ್ಮ ಗೋಡೆಯ ಮೇಲೆ ಅಂಟಿಸಿದ್ದ ಪದ ಗೋಪಾಳದಲ್ಲಿ ಚೆಲ್ಲುತನ ಆಯಿತು. ಮದುವೆಯಾದ ವರ್ಷದೊಳಗೆ ನಾನೊಮ್ಮೆ ಅಲ್ಲಿಗೆ ಹೋಗಿದ್ದಾಗ ಹಾಲಿನವನು ಬಂದ. ಅಕ್ಕ ಪಾತ್ರೆ ಹಿಡಿದು ಅವನಿಗೇನೋ ಹೇಳಿದಳು, ಅವನು ನಕ್ಕ. ಒಳಗಿನಿಂದ ಅವಳ ಅತ್ತೆ, "ನಿಮ್ಮಕ್ಕಂಗೆ ದೇವರು ಹಲ್ಲು ಸ್ವಲ್ಪ ಜಾಸ್ತಿನೇ ಕೊಟ್ಟಿದಾನೆ ಕಣಪ್ಪ, ಬೀದಿಗೆಲ್ಲ ಹಂಚ್ತಾಳೆ," ಅಂದರು. ಭಾವ ಊಟದ ತಟ್ಟೆಯನ್ನು ತಳ್ಳಿ ಎದ್ದು ಹೋದರು. ಮರುದಿನದಿಂದ ಹಾಲು ಹಾಕಿಸಿಕೊಳ್ಳಲು ಅತ್ತೆಯೇ ಬಾಗಿಲಿಗೆ ಬಂದರು. ಮುಂದಿನ ಸಲ ಹೋದಾಗ ಬೀದಿ ಕಡೆಯ ಕಿಟಕಿಯನ್ನು ಮುಚ್ಚಿ ಮೊಳೆ ಹೊಡೆದಿದ್ದರು. ಇಂಥದನ್ನೆಲ್ಲ ನಾನು ಆಗ ನೋಡಿದೆ, ಅರ್ಥವಾದದ್ದು ಆಮೇಲೆ. ಅಥವಾ ಆಮೇಲೆ ಅರ್ಥವಾದದ್ದರಿಂದಲೇ ಆಗ ನೋಡಿದೆ ಅನ್ನಿಸುತ್ತಿದೆಯೋ ಏನೋ.

ಈಗ, ಅವಳು ತವರಲ್ಲೇ ಇರುತ್ತೇನೆಂದು ಕೇಳಿದ ಆ ಮಧ್ಯಾಹ್ನ. ನನ್ನ ನೆನಪಿನಲ್ಲಿ ಅದು ಹೀಗಿದೆ. ಅಕ್ಕ ಹೇಳದೆ ಕೇಳದೆ ಒಬ್ಬಳೇ ಬಸ್ಸು ಹತ್ತಿ ಕಾಗದನಗರಕ್ಕೆ ಬಂದಿದ್ದಾಳೆ. ನಾನು ಶಾಲೆಯಿಂದ ಬರುತ್ತೇನೆ. ಅಪ್ಪಾಜಿ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಾರೆ. ಅಮ್ಮ ಇದ್ದಾಳೆ, ಬಾಗಿಲಿಗೆ ಒರಗಿ ಸೆಲ್ವಿಯಕ್ಕ ಇದ್ದಾಳೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು, ಮೇಂಟೆನೆನ್ಸ್ ಆಫೀಸಿನ ಅದೇ ಧ್ವನಿಯಲ್ಲಿ ಹೇಳುತ್ತಾಳೆ: "ಸಾರ್, ಈ ಕ್ವಾರ್ಟರ್ಸಲ್ಲಿ ಒಂದು ವೇಕೆನ್ಸಿ ಇದೆಯಂತೆ. ನನ್ನನ್ನ ಇಲ್ಲೇ ಇಟ್ಕೊಳ್ತೀರಾ?" ಅಪ್ಪಾಜಿ, "ನೀನು ಟ್ರಾನ್ಸ್‌ಫರ್ ಆಗಿ ಹೋದವಳು ಕಣಮ್ಮ. ವಾಪಸ್ ತಗೋಬೇಕಂದ್ರೆ ಅಳಿಯಂದಿರ ಸಹಿ ಬೇಕು," ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಸೆಲ್ವಿಯಕ್ಕ ಜೋರಾಗಿ ನಗುತ್ತಾಳೆ. ಅಕ್ಕನೂ ನಗುತ್ತಾಳೆ. ಸಂಜೆಯ ಬಸ್ಸಿಗೆ ಅಪ್ಪಾಜಿ ಅವಳನ್ನು ಹತ್ತಿಸಿ ಬರುತ್ತಾರೆ.

ಆಮೇಲೆ ಅವಳು ಯಾರನ್ನೂ ಏನೂ ಕೇಳಲಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ಅಜ್ಜಿ ಸತ್ತಾಗ, ಅಪ್ಪಾಜಿ ಸತ್ತಾಗ ಬಂದು ಗೋಡೆಗೆ ಒರಗಿ ಕೂತು ಹೋದಳು. ನನ್ನ ಹೆಂಡತಿ ಅವಳನ್ನು ಕಂಡದ್ದೇ ಹಾಗೆ. ನಿಮ್ಮಕ್ಕನನ್ನು ಕಂಡರೆ ಹೆದರಿಕೆಯಾಗುತ್ತದೆ ಅನ್ನುತ್ತಿದ್ದಳು. ಹೊಟ್ಟೆಯೊಳಗೆ ಗೆಡ್ಡೆ ಬೆಳೆದು ಕಣ್ಣು ಹಳದಿಯಾಗುವವರೆಗೂ ನೋವು ಅಂತ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು, "ನೋವಿನ ಇಂಜೆಕ್ಷನ್ ಕೇಳಿ ಅಮ್ಮ, ಕೇಳಿದ್ರೆ ಕೊಡ್ತೀವಿ," ಅಂದರೆ ಮುಖ ತಿರುಗಿಸಿದಳಂತೆ. ಇದನ್ನು ಸಹನಾ ಹೇಳಿದಳು.

ಆರಾಧನೆ ಮುಗಿದ ವಾರ ನಾನು ಕಾಗದನಗರಕ್ಕೆ ಹೋದೆ. ಏನನ್ನು ನೋಡಲೆಂದು ಹೋದೆನೋ, ಬರೀ ಗೋಡೆಗಳು ಸಾಕ್ಷಿ ಹೇಳುವುದಿಲ್ಲ. ನಮ್ಮ ಸಾಲಿನಲ್ಲಿ ಒಂದೆರಡು ಮನೆಗಳಲ್ಲಿ ಮಾತ್ರ ಬಟ್ಟೆ ಒಣಗುತ್ತಿತ್ತು. ನಮ್ಮ ಮನೆಗೆ ಕದ ಇರಲಿಲ್ಲ, ಒಳಗೆ ಕಳೆಗಿಡ ಬೆಳೆದಿತ್ತು. ಸೆಲ್ವಿಯಕ್ಕ ಒರಗಿ ನಕ್ಕಳೆಂದು ನಾನು ಇಷ್ಟು ವರ್ಷ ಕಾಣುತ್ತಿದ್ದ ಬಾಗಿಲು ಬಲಗಡೆಗಲ್ಲ, ಎಡಗಡೆಗಿತ್ತು. ಅಪ್ಪಾಜಿ ಚಹಾ ಕುಡಿಯುತ್ತ ಕೂತ ಜಾಗದಿಂದ ಆ ಬಾಗಿಲು ಕಾಣುವುದೇ ಇಲ್ಲ. ಸಣ್ಣ ವಿಷಯ. ಆದರೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸ್ ಬರುವಷ್ಟರಲ್ಲಿ ಅದು ನನ್ನನ್ನು ಪೂರ್ತಿ ತಿಂದುಹಾಕಿತ್ತು.

ಅಮ್ಮ ಈಗ ರವೀಂದ್ರನಗರದಲ್ಲಿ ನಮ್ಮ ಜೊತೆ ಇದ್ದಾಳೆ. ಮಂಡಿನೋವು ಬಿಟ್ಟರೆ ಗಟ್ಟಿ. ನಾನು ಒಳಗೆ ಬಂದಾಗ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಆ ಮಧ್ಯಾಹ್ನದ ಬಗ್ಗೆ ಕೇಳಿದೆ. ನನಗೆ ನೆನಪಿದ್ದಂತೆ ಹೇಳಿದೆ, ವೇಕೆನ್ಸಿ, ಟ್ರಾನ್ಸ್‌ಫರ್, ಸಹಿ, ಸೆಲ್ವಿಯಕ್ಕನ ನಗು.

ಅಮ್ಮ ಕೈ ನಿಲ್ಲಿಸಲಿಲ್ಲ. "ಸೆಲ್ವಿ ಎಲ್ಲಿದ್ಲು ಆಗ? ಅವರು ಸೇಲಂಗೆ ಹೋಗಿ ಎಷ್ಟು ಕಾಲ ಆಗಿತ್ತು. ಆ ಮನೇಲಿ ಯಾರೋ ತೆಲುಗಿನವರು ಇದ್ರು."

"ಮತ್ತೆ ನಕ್ಕಿದ್ದು?"

"ಯಾರು ನಗ್ತಾರೋ? ನಗೋ ದಿನಾನಾ ಅದು?"

ಅಮ್ಮ ಸಿಪ್ಪೆಗಳನ್ನು ಒಂದು ಕಡೆ ಸರಿಸಿ, ಮಾತನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ನೋಡುವವಳ ಹಾಗೆ ಸ್ವಲ್ಪ ಹೊತ್ತು ಮೊರವನ್ನೇ ನೋಡಿದಳು.

"ಬೆಳಿಗ್ಗೆನೇ ಬಂದಿದ್ಲು. ನೀನು ಸ್ಕೂಲಿಗೆ ಹೋಗಿದ್ದೆ. ಬಂದವಳೇ ಅಡುಗೆಮನೇಲಿ ನೆಲದ ಮೇಲೆ ಕೂತು, ನನ್ನ ಕಳಿಸಬೇಡಿ ಅಮ್ಮ ಅಂದ್ಲು. ಅಷ್ಟೇ. ತಮಾಷೆ ಇಲ್ಲ, ಕತೆ ಇಲ್ಲ. ಅದೊಂದೇ ಮಾತು ಮತ್ತೆ ಮತ್ತೆ. ಅವಳಿಗೆ ಹಾಗೆ ಬರೀ ಕೇಳಿ ಗೊತ್ತೇ ಇರ್ಲಿಲ್ಲ. ನನಗೂ ಹಾಗೆ ಕೇಳಿಸ್ಕೊಂಡು ಗೊತ್ತಿರ್ಲಿಲ್ಲ. ನಿಮ್ಮಪ್ಪಾಜಿ ಬರಲಿ ಅಂದೆ."

"ಅಪ್ಪಾಜಿ ಏನಂದ್ರು?"

"ಅವರು ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು. ಪಕ್ಕದಲ್ಲಿ ಕೂತು ತಲೆ ಸವರಿದ್ರು. 'ನಿನ್ನ ಕೈಲಿ ಆಗದೆ ಇರೋದು ಏನಿದೆ ಮಗಳೇ. ಕಲ್ಲಿನಂಥವರನ್ನ ನಗಿಸಿದೀಯ. ಅವರದು ಯಾವ ಲೆಕ್ಕ? ಹೋಗಿ ನಕ್ಕೊಂಡು ಇರು, ಎಲ್ಲ ತಾನಾಗೇ ಸರಿಹೋಗತ್ತೆ' ಅಂದ್ರು. ಅವಳು, 'ನಕ್ಕಿದ್ದಕ್ಕೇ ಹೊಡೆದ್ರು ಅಪ್ಪಾಜಿ' ಅಂದ್ಲು."

ಅಮ್ಮ ಒಂದು ಕಾಯಿಯನ್ನು ಸುಲಿದು, ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕಿದಳು. ನಾನು ಅದನ್ನು ಸರಿಮಾಡಲಿಲ್ಲ.

"ನಮಗೆ ಜನ ಏನಂತಾರೆ ಅನ್ನೋ ಹೆದರಿಕೆ ಇತ್ತು, ಇರ್ಲಿಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ನಂಬಿಕೆ ಕಣೋ. ಅವಳ ನಗು ಮೇಲೆ ಅಷ್ಟು ನಂಬಿಕೆ. ಮುಖ ತೊಳ್ಕೊಂಡು ಬಾ ಅಂದ್ರು ನಿಮ್ಮಪ್ಪಾಜಿ. ನಾನೇ ತಲೆ ಬಾಚಿ ಹೂವು ಮುಡಿಸ್ದೆ. ಆಮೇಲೆ ಅವರು, ಎಲ್ಲಿ, ಒಂದ್ಸಲ ನಕ್ಕು ತೋರಿಸು, ನೋಡೋಣ ಅಂದ್ರು."

"ನಕ್ಕಳಾ?"

"ಮೊದಲು ಬರ್ಲಿಲ್ಲ. ಇನ್ನೊಂದ್ಸಲ ಅಂದ್ರು. ಆಗ ನಕ್ಕಳು. ಚೆನ್ನಾಗೇ ನಕ್ಕಳು. ನಿಮ್ಮಪ್ಪಾಜಿಗೆ ಸಮಾಧಾನ ಆಯ್ತು. ಅಷ್ಟೊತ್ತಿಗೆ ನೀನು ಸ್ಕೂಲಿಂದ ಬಂದೆ. ಅಕ್ಕ ಯಾಕೆ ನಗ್ತಿದಾಳೆ ಅಂತ ಕೇಳ್ದೆ. ಏನೋ ಜೋಕು ಬಿಡು ಅಂತ ನಾನೇ ಹೇಳ್ದೆ."

ಹಾಗಾದರೆ ಆ ಜೋಕನ್ನು ಕಟ್ಟಿದವನು ನಾನೇ. ಕಾರಣವಿಲ್ಲದ ಒಂದು ನಗುವನ್ನು ಕಂಡ ಹುಡುಗ, ಅದಕ್ಕೆ ಹೊಂದುವ ಮಾತುಗಳನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಜೋಡಿಸಿದ. ಕ್ವಾರ್ಟರ್ಸಿನ ಭಾಷೆಯಿಂದ ವೇಕೆನ್ಸಿಯನ್ನೂ ಟ್ರಾನ್ಸ್‌ಫರನ್ನೂ ತಂದ, ಸೇಲಂನಿಂದ ಸೆಲ್ವಿಯಕ್ಕನನ್ನೂ ಕರೆತಂದು ಬಾಗಿಲಲ್ಲಿ ನಿಲ್ಲಿಸಿ ನಗಿಸಿದ. ಅಮ್ಮನ ನೆನಪೇ ಸರಿ ಎಂದು ಹೇಗೆ ಹೇಳುವುದು ಎಂದು ನನ್ನೊಳಗಿನ ಮೇಷ್ಟ್ರು ಆಗಲೂ ಕೇಳಿದ. ಎಂಬತ್ತು ದಾಟಿದ ಹೆಂಗಸು, ಮಗಳನ್ನು ಈಗಷ್ಟೇ ಮಣ್ಣು ಮಾಡಿದವಳು, ಅವಳೂ ತನ್ನದೇ ಬಟ್ಟೆಯನ್ನು ನೇಯುತ್ತಿರಬಹುದು. ಆದರೆ ತನ್ನನ್ನು ಉಳಿಸಿಕೊಳ್ಳುವುದಕ್ಕೆ ನೆನಪು ಸುಳ್ಳು ಹೇಳುವುದನ್ನು ನಾನು ಕಂಡಿದ್ದೇನೆ. ಅಮ್ಮ ಹೇಳಿದ್ದರಲ್ಲಿ ಅಮ್ಮನನ್ನು ಉಳಿಸುವಂಥದ್ದು ಏನೂ ಇರಲಿಲ್ಲ.

ಅಪ್ಪಾಜಿ ಕೆಟ್ಟವರಾಗಿರಲಿಲ್ಲ. ಇದನ್ನು ಬರೆಯುವಾಗ ನನಗೆ ಎಲ್ಲಕ್ಕಿಂತ ಕಷ್ಟವಾಗಿರುವುದು ಅದೇ. ಹಾಳೆಯನ್ನು ಬೆಳಕಿಗೆ ಹಿಡಿದು ಕಣ್ಣಿಗೆ ಕಾಣದ ತೂತನ್ನು ಹುಡುಕುತ್ತಿದ್ದ ಮನುಷ್ಯ ಅವರು. ಮಗಳು ಸ್ವಂತ ಬಾಯಿಂದ ಹೊಡೆದರು ಅಂದಾಗಲೂ, ಅವಳ ಬಳಿ ಇದೆಯೆಂದು ತಾವು ಹೆಮ್ಮೆಪಟ್ಟ ಆ ಒಂದು ವಸ್ತುವಿನಿಂದ ಆಗದ ಕೆಲಸವಿದೆ ಎಂದು ಅವರಿಗೆ ನಂಬಲಾಗಲಿಲ್ಲ. ಅವಳನ್ನು ಆ ಮನೆಗೆ ವಾಪಸ್ ಕಳಿಸಿದ್ದು ಸಿಟ್ಟಿನಿಂದಲ್ಲ, ಮೆಚ್ಚುಗೆಯಿಂದ.

ಮುಂದಿನ ಭಾನುವಾರ ಸಹನಾ ಅಜ್ಜಿಯನ್ನು ನೋಡಲು ಬಂದಳು. ಅಮ್ಮ ಮಲಗಿದ್ದಳು. ನಾನು ಸಹನಾಳನ್ನು ಹೊರಗಿನ ಜಗಲಿಗೆ ಕರೆದು, ಆ ದಿನ ನಾನು ಹೇಳಿದ್ದು ತಪ್ಪು ಅಂದೆ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದು ಮಾತನ್ನೂ ಮೆತ್ತಗೆ ಮಾಡದೆ ಹೇಳಿದೆ. ಅವಳು ತಾತನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ರಸ್ತೆಯಲ್ಲಿ ಹುಡುಗರು ಸೈಕಲ್ ಬಿಡುತ್ತಿದ್ದ ಕಡೆಗೆ ತಿರುಗಿದಳು.

"ಅಂದ್ರೆ ಅಮ್ಮ ಕೇಳಿದ್ಲು," ಅಂದಳು.

"ಕೇಳಿದ್ಲು."

"ನಿಜವಾಗ್ಲೂ ಕೇಳಿದ್ಲು."

"ಹೂಂ."

"ಸಾಕು ಮಾಮ," ಅಂದು ಕಣ್ಣೊರೆಸಿಕೊಂಡು ಎದ್ದು, ಅಜ್ಜಿಗೆ ಎಚ್ಚರವಾಗಿದೆಯೇ ನೋಡಲು ಒಳಗೆ ಹೋದಳು.